ಮನೆಯ ತಕ್ಕಡಿ, ಮೈಯ ಲೆಕ್ಕ

(ಹಾಸನದಲ್ಲಿ ನೀಡಿದ ದತ್ತಿ ಉಪನ್ಯಾಸದ ಪೂರ್ಣಪಾಠ)



ಈ ದತ್ತಿ ಯಾರ ನೆನಪಿನಲ್ಲಿದೆಯೋ ಆ ಹಿರಿಯರು ಹೊಳೆನರಸೀಪುರದಲ್ಲಿ ದಿನಸಿ ಅಂಗಡಿ ನಡೆಸಿದವರು. ಹೆಸರು ಹೇಳುವುದು ಬೇಡ ಎಂದು ಮಕ್ಕಳು ಕೇಳಿಕೊಂಡಿದ್ದಾರೆ, ಹಾಗಾಗಿ ಹೇಳುವುದಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ತಕ್ಕಡಿಯ ಎರಡೂ ತಟ್ಟೆ ಒರೆಸಿ, ಖಾಲಿ ಇರುವಾಗ ಮುಳ್ಳು ನಡುವೆ ನಿಂತಿದೆಯೇ ಎಂದು ನೋಡಿ, ಆಮೇಲೆಯೇ ಮೊದಲ ಗಿರಾಕಿಗೆ ಸಾಮಾನು ಕಟ್ಟುತ್ತಿದ್ದರಂತೆ. ವಿಜ್ಞಾನದ ಒಂದು ವಿಷಯವನ್ನು ಮನೆಮಂದಿಗೆಲ್ಲ ತಿಳಿಯುವ ಕನ್ನಡದಲ್ಲಿ ಹೇಳಬೇಕು ಎನ್ನುವುದು ದತ್ತಿಯ ಷರತ್ತು. ಆ ಮುಳ್ಳನ್ನು ನೆನೆದುಕೊಂಡೇ ನಾನು ಈ ವಿಷಯ ಆರಿಸಿಕೊಂಡೆ. ಈಗ ನಮ್ಮ ಮನೆಮನೆಗೂ ಬರುತ್ತಿರುವ, ಫೋನಿಗೆ ಜೋಡಿಸುವ ತೂಕದ ಮಷಿನ್ನನ್ನು ಎಷ್ಟು ನಂಬಬಹುದು?

ವಿಷಯ ನನ್ನ ಮನೆಯಿಂದಲೇ ಹುಟ್ಟಿತು. ನನ್ನ ತಂಗಿ ಚನ್ನರಾಯಪಟ್ಟಣದಲ್ಲಿದ್ದಾಳೆ, ವಯಸ್ಸು ಐವತ್ತೆಂಟು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಶುರುವಾಯಿತು. ಐದಾರು ಕಿಲೋ ಇಳಿಸಿ ಎಂದರು ಡಾಕ್ಟರು. ಬೆಂಗಳೂರಿನಲ್ಲಿರುವ ಮಗ ಅಮ್ಮನಿಗೆಂದು ಪ್ರೀತಿಯಿಂದ ಒಂದು ಮಷಿನ್ ತಂದುಕೊಟ್ಟ. ಗಾಜಿನ ಹಲಗೆ, ಅದರ ಮೇಲೆ ಪಾದ ಊರುವ ಕಡೆ ಹೊಳೆಯುವ ಲೋಹದ ಪಟ್ಟಿಗಳು. ಬರಿಗಾಲಲ್ಲಿ ನಿಂತರೆ ಸಾಕು, ತೂಕ ಎಷ್ಟು, ಕೊಬ್ಬು ನೂರಕ್ಕೆ ಎಷ್ಟು, ಸ್ನಾಯು ಎಷ್ಟು, ನೀರು ಎಷ್ಟು, ಮೂಳೆ ಎಷ್ಟು, ಕೊನೆಗೆ ದೇಹದ ವಯಸ್ಸು ಎಷ್ಟು ಎನ್ನುವವರೆಗೆ ಹತ್ತು ಹನ್ನೆರಡು ಅಂಕಿ ಫೋನಿಗೆ ಬರುತ್ತವೆ. ತಂಗಿ ರಾತ್ರಿಯ ಮುದ್ದೆಯನ್ನು ಒಂದಕ್ಕೆ ಇಳಿಸಿದಳು, ದಿನಾ ಸಂಜೆ ನಡೆದಳು. ಮೂರು ತಿಂಗಳು ಎಲ್ಲ ಚೆನ್ನಾಗಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಫೋನು ಬಂತು. ದನಿ ನಡುಗುತ್ತಿತ್ತು. "ಅಣ್ಣ, ತೂಕ ಏಳ್ನೂರು ಗ್ರಾಂ ಇಳಿದೈತೆ. ಕೊಬ್ಬು ಮಾತ್ರ ಮೂವತ್ತೆಂಟು ಇದ್ದದ್ದು ಮೂವತ್ತೆಂಟೂ ಮುಕ್ಕಾಲು ದಾಟೈತೆ ಅಂತ ತೋರಿಸ್ತೈತೆ. ಇಷ್ಟು ಬಾಯಿ ಕಟ್ಟಿದ್ರೂ ಕೊಬ್ಬೇ ಏರೋದಾದ್ರೆ ಇನ್ನೇನಣ್ಣ ಬಿಡ್ಲಿ ನಾನು?" ಕೇಳುತ್ತಾ ಹೋದಾಗ ಗೊತ್ತಾಯಿತು, ಮೂರು ದಿನದಿಂದ ರಾತ್ರಿ ಊಟವನ್ನೇ ಬಿಟ್ಟಿದ್ದಾಳೆ, ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದಾಳೆ. ಕೆಲವು ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ನಡುರಾತ್ರಿ ಪ್ರಜ್ಞೆ ತಪ್ಪಬಹುದು. ಒಂದು ಅಂಕಿ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಅವಳಿಗೆ ಆ ದಿನ ಸಮಾಧಾನ ಹೇಳಿದೆ. ಆದರೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಕಾರಣವನ್ನೂ ಹೇಳಬೇಕಿತ್ತು. ಇವತ್ತಿನ ಮಾತೆಲ್ಲ ಆ ಕಾರಣದ ಬೆನ್ನು ಹತ್ತಿ ಹೋದದ್ದು.

ಮೊದಲು ಬರೀ ತೂಕದ ಮಾತು.

ಮಷಿನ್ನಿನ ನಾಲ್ಕು ಕಾಲುಗಳಲ್ಲೂ ಒಂದೊಂದು ಸಣ್ಣ ಲೋಹದ ತುಂಡಿದೆ. ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ಲೋಹದ ಜಾಲರಿ ಹಿಗ್ಗಿ, ಅದರ ವಿದ್ಯುತ್ ರೋಧ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನು ಹಿಡಿಯುವ ಜೋಡಣೆ ವೀಟ್‌ಸ್ಟನ್ ಬ್ರಿಡ್ಜ್. ಪಿಯುಸಿ ಪ್ರಯೋಗಾಲಯದಲ್ಲಿ ನನ್ನ ಮುಂದೆ ಮೀಟರ್ ಬ್ರಿಡ್ಜ್ ಇಟ್ಟುಕೊಂಡು ಬೆವರಿದವರು ಈ ಸಭೆಯಲ್ಲೂ ಇದ್ದೀರಿ, ಅದೇ ಇದು. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೂ ಇದೇ ತತ್ವ. ನೂರಾರು ಬಾರಿ ಬಾಗಿದರೂ ಬಿಟ್ಟೊಡನೆ ಮೊದಲಿನಂತಾಗುವ ಗುಣ ಆ ಲೋಹಕ್ಕಿದೆ. ಆದ್ದರಿಂದ ತೂಕದ ಮಟ್ಟಿಗೆ ಈ ಮಷಿನ್‌ಗಳು ಒಳ್ಳೆಯವು. ಈ ಉಪನ್ಯಾಸ ಒಪ್ಪಿಕೊಂಡ ಮೇಲೆ ಒಂದೇ ದಿನ ಹಾಸನ, ಹೊಳೆನರಸೀಪುರ, ಅರಕಲಗೂಡಿನ ನೆಂಟರ ಮನೆಗಳಿಗೆ ಹೋಗಿ ಅಲ್ಲಲ್ಲಿನ ಮಷಿನ್ ಮೇಲೆ ನಿಂತು ಬಂದೆ. ತೂಕದ ಅಂಕಿಗಳು ಅರ್ಧ ಕಿಲೋ ಒಳಗೇ ಇದ್ದವು, ಅದರಲ್ಲೂ ಒಂದಿಷ್ಟು ಮನೆಮನೆಯಲ್ಲಿ ಕುಡಿದ ಕಾಫಿಯದು. ಕೊಬ್ಬಿನ ಅಂಕಿ ಮಾತ್ರ ಮನೆಗೊಂದು ಬಂತು. ಅದರ ಕಾರಣವನ್ನು ಆಮೇಲೆ ಹೇಳುತ್ತೇನೆ.

ದೇವಸ್ಥಾನಗಳ ತುಲಾಭಾರ ನೋಡಿದ್ದೀರಿ. ಒಂದು ತಟ್ಟೆಯಲ್ಲಿ ಮಗು, ಇನ್ನೊಂದರಲ್ಲಿ ಬೆಲ್ಲ ಇಲ್ಲವೇ ತೆಂಗಿನಕಾಯಿ. ಅಲ್ಲಿ ಒಂದು ರಾಶಿಯನ್ನು ಇನ್ನೊಂದು ರಾಶಿಯ ಜೊತೆ ಹೋಲಿಸುತ್ತೇವೆ. ಭೂಮಿ ಎರಡನ್ನೂ ಒಂದೇ ಸಮ ಎಳೆಯುವುದರಿಂದ ತುಲಾಭಾರವನ್ನು ಬೆಟ್ಟದ ಮೇಲೆ ಮಾಡಿದರೂ ಕಡಲ ದಡದಲ್ಲಿ ಮಾಡಿದರೂ ಫಲ ಒಂದೇ. ಮನೆಯ ಮಷಿನ್ ಹಾಗಲ್ಲ, ಅದು ಅಳೆಯುವುದು ಭೂಮಿಯ ಎಳೆತವನ್ನು. ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಮೇಲಿದೆ, ಸಮಭಾಜಕ ವೃತ್ತಕ್ಕೂ ಹತ್ತಿರ. ದಕ್ಷಿಣ ಚೀನಾದ ಶೆನ್‌ಝೆನ್‌ನಂಥ ಕಡಲತೀರದ ಊರಲ್ಲಿ ಸರಿಹೊಂದಿಸಿದ ಮಷಿನ್ ಇಲ್ಲಿ 70 ಕಿಲೋದವರಿಗೆ ಐವತ್ತು ಗ್ರಾಂನಷ್ಟು ಕಡಿಮೆ ತೋರಿಸುತ್ತದೆ. ಲೆಕ್ಕ ಹಾಕಿ ನೋಡಿದ ದಿನ ನನಗೆ ಖುಷಿಯಾಯಿತು, ಅದಕ್ಕೇ ಹೇಳಿದೆ. ತೂಕ ಇಳಿಸುವವರಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ತಪ್ಪು ದಿನಾ ಅಷ್ಟೇ ಇರುತ್ತದೆ.

ತೊಂದರೆ ಕೊಡುವುದು ದಿನದಿಂದ ದಿನಕ್ಕೆ ಬದಲಾಗುವ ತಪ್ಪು. ಜಮಖಾನೆ ಮೇಲೆ, ಚಾಪೆ ಮೇಲೆ, ಬಚ್ಚಲಿನ ಇಳಿಜಾರಿನಲ್ಲಿ ಇಟ್ಟರೆ ನಾಲ್ಕು ಕಾಲಿಗೂ ಭಾರ ಸರಿಯಾಗಿ ಇಳಿಯುವುದಿಲ್ಲ, ಕಿಲೋಗಟ್ಟಲೆ ವ್ಯತ್ಯಾಸ ಬರಬಹುದು. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದಕ್ಕೆ ಬಹಳ ಒಳ್ಳೆಯದು. ಟೈಲ್ಸ್ ನೆಲವಾದರೆ ನಾಲ್ಕು ಕಾಲೂ ಸಂದಿಗೆ ಬೀಳದಂತೆ ಇಡಿ. ಒಂದು ಜಾಗ ಗೊತ್ತುಮಾಡಿ, ಅಲ್ಲಿಂದ ಕದಲಿಸಬೇಡಿ.

ಅಂಗಡಿಯವರ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ, ಅದಕ್ಕೆ 2009ರ ಕಾಯಿದೆಯ ಬೆಂಬಲವಿದೆ. ಇಲಾಖೆಯ ತೂಕದ ಬಟ್ಟುಗಳಿಗೂ ಮೇಲೊಂದು ಅಳತೆ, ಅದಕ್ಕೂ ಮೇಲೊಂದು, ಹೀಗೆ ಏಣಿ ಹತ್ತಿದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಿಲೋಗ್ರಾಂ ಸಿಗುತ್ತದೆ. ಮನೆಯೊಳಗೆ ನಮ್ಮ ಸ್ವಂತಕ್ಕೆ ಇಟ್ಟುಕೊಂಡ ಮಷಿನ್ನಿಗೆ ಮುದ್ರೆ ಹಾಕಲು ಯಾರೂ ಬರುವುದಿಲ್ಲ, ಆ ಕೆಲಸ ನಾವೇ ಮಾಡಿಕೊಳ್ಳಬೇಕು. ಒಡೆಯದ ಅಕ್ಕಿ ಮೂಟೆ ತೆಗೆದುಕೊಳ್ಳಿ. 2022ರ ಜುಲೈನಲ್ಲಿ 25 ಕಿಲೋವರೆಗಿನ ಚೀಲಕ್ಕೆ ಜಿಎಸ್‌ಟಿ ಬಂದ ಮೇಲೆ ಗಿರಣಿಯವರು 26 ಕಿಲೋ ಮೂಟೆ ಕಟ್ಟಲು ಶುರುಮಾಡಿದ್ದು ನಿಮಗೆ ಗೊತ್ತು. ಆ ಮೂಟೆಯನ್ನು ಮುದ್ರೆ ಬಿದ್ದ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಬಂದ ತೂಕವನ್ನು ಚೀಲದ ಮೇಲೆಯೇ ಬರೆದುಕೊಳ್ಳಿ. ಮನೆಯಲ್ಲಿ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಮೂಟೆ ಹೊತ್ತು ನಿಲ್ಲಿ. ವ್ಯತ್ಯಾಸ ಬರೆದಿಟ್ಟ ತೂಕಕ್ಕೆ ಇನ್ನೂರು ಗ್ರಾಂ ಆಚೀಚೆ ಇದ್ದರೆ ಮಷಿನ್ ಕೆಲಸಕ್ಕೆ ಬರುತ್ತದೆ. ಇನ್ನೊಂದು ಎಚ್ಚರ. ಕೆಲವು ಮಷಿನ್‌ಗಳು ಸ್ವಲ್ಪ ಹೊತ್ತಿಗೇ ಮತ್ತೆ ನಿಂತರೆ ಹಿಂದಿನ ಅಂಕಿಯನ್ನೇ ನೆನಪಿನಿಂದ ತೋರಿಸಿಬಿಡುತ್ತವೆ. ಒಂದೇ ಸಮ ಮೂರು ಸಲ ಅದೇ ಅಂಕಿ ಬಂದರೆ ಹಿಗ್ಗಬೇಡಿ, ನಡುವೆ ಒಮ್ಮೆ ಮೂಟೆ ಹೊತ್ತು ನಿಂತು ನೋಡಿ.

ಮಷಿನ್ ಸರಿಯಾಗಿದೆ ಎಂದಿಟ್ಟುಕೊಳ್ಳಿ. ಆಗಲೂ ಅದು ಹೇಳುವ ತೂಕ ಕೊಬ್ಬಿನ ಸುದ್ದಿಯಲ್ಲ. ಇದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಮನೆಗಳ ಅಟ್ಟದ ಮೇಲೆ ತೆಂಗಿನಕಾಯಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಒಳಗಿನ ನೀರು ಇಂಗುತ್ತಾ ಇಂಗುತ್ತಾ ಕೊನೆಗೆ ಚಿಪ್ಪಿನೊಳಗೆ ಗಿಟುಕು ಕಡಕಡ ಅಲ್ಲಾಡಿದಾಗ ಉಂಡೆ ಕೊಬ್ಬರಿ ಆಯಿತು ಎನ್ನುತ್ತೇವೆ. ಕಾಯಿಯ ತೂಕ ಎಷ್ಟೋ ಇಳಿದಿರುತ್ತದೆ, ಆದರೆ ಹೋದದ್ದು ನೀರು, ಎಣ್ಣೆ ಒಳಗೇ ಇದೆ. ಅರಕಲಗೂಡಿನವರು ಹೊಗೆಸೊಪ್ಪು ಬೆಳೆಯುವವರು. ಬೇಯಿಸಿದ ಸೊಪ್ಪು ಗರಿಗರಿ ಇದ್ದರೆ ಮುಟ್ಟಿದಲ್ಲಿ ಪುಡಿಯಾಗುತ್ತದೆ, ಹದಕ್ಕೆ ಬರಲು ಗಾಳಿಯ ತೇವ ಹೀರಬೇಕು. ರಾಮನಾಥಪುರದ ಹರಾಜಿಗೆ ಬೇಲು ಒಯ್ಯುವವರಿಗೆ ತೇವ ಏರಿದರೆ ತೂಕ ಏರುತ್ತದೆ ಎಂದು ಗೊತ್ತು, ಕೊಳ್ಳುವವರಿಗೂ ಗೊತ್ತು. ಕಾಯಿಯ ವಿಷಯದಲ್ಲಿ, ಸೊಪ್ಪಿನ ವಿಷಯದಲ್ಲಿ ಇಷ್ಟು ಬಲ್ಲ ನಾವು ನಮ್ಮ ಮೈ ವಿಷಯ ಬಂದಾಗ ಮರೆಯುತ್ತೇವೆ.

ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಉಪ್ಪು ಹೆಚ್ಚು ತಿಂದ ದಿನ ಅದು ನಿಲ್ಲುತ್ತದೆ. ಸ್ನಾಯು ಮತ್ತು ಈಲಿಯಲ್ಲಿ ಗ್ಲೈಕೊಜೆನ್ ಎಂಬ ಹಿಟ್ಟಿನ ದಾಸ್ತಾನು ನಾನೂರು ಐನೂರು ಗ್ರಾಂನಷ್ಟಿರುತ್ತದೆ, ಒಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ, ಮುದ್ದೆ ಬಿಟ್ಟವರಿಗೆ ಮೊದಲ ವಾರ ಸರಸರ ಎರಡು ಕಿಲೋ ಇಳಿಯುವ ಗುಟ್ಟು ಇದು. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಹಿಂದಿನ ದಿನಗಳಲ್ಲಿ ನೀರು ನಿಲ್ಲುವುದು ಸಹಜ. ಹೀಗಾಗಿ ಆರೋಗ್ಯವಂತರ ತೂಕವೂ ದಿನದಿಂದ ದಿನಕ್ಕೆ ಒಂದು ಕಿಲೋ, ಕೆಲವೊಮ್ಮೆ ಎರಡು ಕಿಲೋ ಓಲಾಡುತ್ತದೆ.

ಈಗ ಕೊಬ್ಬಿನ ನಡಿಗೆ ನೋಡಿ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕಡಿಮೆ ತಿನ್ನುವುದು ಸಣ್ಣ ಸಾಧನೆಯಲ್ಲ. ಹಾಗೆ ಮಾಡಿದರೂ ದಿನಕ್ಕೆ ಕರಗುವ ಕೊಬ್ಬು ಎಪ್ಪತ್ತು ಗ್ರಾಂ ಒಳಗೆ. ಎಷ್ಟೋ ಮಷಿನ್‌ಗಳು ತೋರಿಸುವ ಕನಿಷ್ಠ ಅಂತರವೇ ನೂರು ಗ್ರಾಂ. ಎಪ್ಪತ್ತು ಗ್ರಾಂನ ಹೆಜ್ಜೆಯನ್ನು ಸಾವಿರ ಗ್ರಾಂನ ಅಲೆಯಲ್ಲಿ ಒಂದು ಬೆಳಿಗ್ಗೆಗೆ ಗುರುತಿಸಲು ಎಂಥ ಮಷಿನ್ನಿಗೂ ಸಾಧ್ಯವಿಲ್ಲ.

ಯುಗಾದಿಯ ಮಾರನೇ ದಿನ ಹೊಸತೊಡಕು. ಬಾಡೂಟ ಮುಗಿಸಿ ಮಲಗಿ ಮರುದಿನ ಬೆಳಿಗ್ಗೆ ನಿಂತರೆ ಒಂದು ಕಿಲೋ ಇನ್ನೂರು ಗ್ರಾಂ ಏರಿರುತ್ತದೆ. ತಿಂಗಳ ಕಷ್ಟವೆಲ್ಲ ಒಂದು ಊಟಕ್ಕೆ ಹೋಯಿತಲ್ಲ ಎಂದು ಎಷ್ಟೋ ಜನ ಅಂದೇ ಕೈಚೆಲ್ಲುತ್ತಾರೆ. ಲೆಕ್ಕ ಮಾಡೋಣ. ಅಷ್ಟು ಕೊಬ್ಬು ಕೂಡಬೇಕಾದರೆ ದಿನದ ಅಗತ್ಯಕ್ಕಿಂತ 9,200 ಕಿಲೋಕ್ಯಾಲೊರಿ ಹೆಚ್ಚು ತಿಂದಿರಬೇಕು. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲಿ ಸುಮಾರು 320 ಇರುತ್ತದೆ. ಎಂದರೆ ದಿನದ ಊಟವೆಲ್ಲ ಉಂಡಾದ ಮೇಲೆ ಇನ್ನೂ ಸುಮಾರು ಇಪ್ಪತ್ತೊಂಬತ್ತು ಮುದ್ದೆ ನುಂಗಬೇಕು. ಯಾರೂ ನುಂಗಿಲ್ಲ. ಏರಿದ್ದು ಉಪ್ಪಿನ ಹಿಂದೆ ಬಂದ ನೀರು, ಹೊಟ್ಟೆಯಲ್ಲಿ ಇನ್ನೂ ಇರುವ ಊಟ. ಮೂರ್ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ. ಈ ಒಂದು ಲೆಕ್ಕವನ್ನು ನಮ್ಮ ಹೆಣ್ಣುಮಕ್ಕಳಿಗೆ, ಜಿಮ್‌ಗೆ ಹೋಗುವ ಹುಡುಗರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಬೆಳಗುಗಳ ನೋವು ತಪ್ಪುತ್ತಿತ್ತು!

ಹಾಗಾದರೆ ದಿನಾ ನಿಲ್ಲುವುದೇ ಬೇಡವೇ? ನಿಲ್ಲಿ, ಆದರೆ ದಿನದ ಅಂಕಿಗೆ ಬೆಲೆ ಕಟ್ಟಬೇಡಿ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ನಿಂತು ಬರೆದಿಡಿ. ಏಳು ದಿನದ ಅಂಕಿ ಕೂಡಿ ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಯ ಪಕ್ಕದಲ್ಲಿಡಿ. ಮೂರ್ನಾಲ್ಕು ವಾರ ಹೀಗೆ ಮಾಡಿದರೆ ದಾರಿ ಕಾಣುತ್ತದೆ. ಗೊರೂರು ಅಣೆಕಟ್ಟೆಯ ನೀರಿನ ಮಟ್ಟ ಪತ್ರಿಕೆಯಲ್ಲಿ ದಿನಾ ಬರುತ್ತದೆ. ಒಂದು ದಿನ ಅರ್ಧ ಅಡಿ ಇಳಿದದ್ದು ನೋಡಿ ನಮ್ಮ ರೈತರು ಭತ್ತದ ಆಸೆ ಬಿಡುವುದಿಲ್ಲ. ತಿಂಗಳ ಏರಿಳಿತ ನೋಡಿ, ತುಂಬಿದ ಮಟ್ಟವಾದ 2922 ಅಡಿಗೆ ಇನ್ನೆಷ್ಟು ಬಾಕಿ ಎಂದು ಎಣಿಸಿ ಮಾತಾಡುತ್ತಾರೆ. ಮೈಯ ತೂಕವನ್ನೂ ಹಾಗೆ ಓದಬೇಕು.

ಇನ್ನು ಕೊಬ್ಬಿನ ಅಂಕಿ. ನನ್ನ ಮಾತಿನ ತಿರುಳು ಇಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಈ ಸಭೆಯಲ್ಲಿ ಡೇರಿಗೆ ಹಾಲು ಹಾಕದ ಮನೆಯವರು ಕಡಿಮೆ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಕೇಳಿಬರುವ ಮಾತು ಮೂರು: ಡಿಗ್ರಿ, ಫ್ಯಾಟು, ಎಸ್‌ಎನ್‌ಎಫ್. ಲ್ಯಾಕ್ಟೋಮೀಟರ್ ತೇಲುವ ಮಟ್ಟ ನೋಡಿ ಡಿಗ್ರಿ ಹೇಳುತ್ತಾರೆ, ಅದು ಹಾಲಿನ ಸಾಂದ್ರತೆ. ಫ್ಯಾಟನ್ನು ಹಳೆಯ ಕ್ರಮದಲ್ಲಿ ಗರ್ಬರ್ ಪರೀಕ್ಷೆಯಿಂದ ನೋಡುತ್ತಿದ್ದರು. ಗಾಜಿನ ನಳಿಗೆಯಲ್ಲಿ ಹಾಲಿಗೆ ಗಂಧಕಾಮ್ಲ ಸೇರಿಸಿ, ಜೊತೆಗೆ ಅಮೈಲ್ ಆಲ್ಕೊಹಾಲ್ ಹಾಕಿ, ಗಿರಗಿರ ತಿರುಗಿಸಿದರೆ ಕೊಬ್ಬು ಬೇರೆಯಾಗಿ ಮೇಲೆ ನಿಲ್ಲುತ್ತದೆ. ಅದನ್ನು ಕಣ್ಣಾರೆ ಓದಬಹುದು. ಎಸ್‌ಎನ್‌ಎಫ್, ಎಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಪದಾರ್ಥ, ಅದನ್ನು ಡಿಗ್ರಿ ಮತ್ತು ಫ್ಯಾಟು ಎರಡನ್ನೂ ಒಂದು ಸೂತ್ರಕ್ಕೆ ಹಾಕಿ ಲೆಕ್ಕದಿಂದ ತೆಗೆಯುತ್ತಿದ್ದರು. ಒಂದು ಕಣ್ಣಾರೆ ಕಂಡದ್ದು, ಇನ್ನೊಂದು ಲೆಕ್ಕದಲ್ಲಿ ಬಂದದ್ದು.

ಬರೀ ಲ್ಯಾಕ್ಟೋಮೀಟರ್ ನಂಬಿದರೆ ಏನಾಗುತ್ತದೆ ಎಂದು ಹಳಬರಿಗೆ ಗೊತ್ತು. ಹಾಲಿನ ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ಏಕೆಂದರೆ ಕೆನೆ ಹಗುರ. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ. ಎರಡನ್ನೂ ಮಾಡಿದರೆ ಡಿಗ್ರಿ ಸರಿಯಾಗಿಯೇ ನಿಲ್ಲುತ್ತದೆ! ಹಾಲು ಎರಡು ಕಡೆಯಿಂದ ಕೆಟ್ಟಿದೆ, ಅಳತೆ ಚೆನ್ನಾಗಿದೆ ಎನ್ನುತ್ತದೆ. ಒಂದೇ ಅಳತೆಯಿಂದ ನೀರು ಮತ್ತು ಕೊಬ್ಬು ಎರಡರ ಸುದ್ದಿಯನ್ನೂ ಬಿಡಿಸಲು ಆಗುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಗಾಜಿನ ಹಲಗೆಯ ಮೇಲೆ ಬನ್ನಿ.

ಪಾದದ ಕೆಳಗಿನ ಲೋಹದ ಪಟ್ಟಿಗಳಿಂದ ಮಷಿನ್ ನಮ್ಮ ಮೈಗೆ ಒಂದು ಕ್ಷೀಣ ವಿದ್ಯುತ್ ಹಾಯಿಸುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಸಾವಿರ ಬಾರಿ ದಿಕ್ಕು ಬದಲಿಸುವ, ಒಂದು ಮಿಲಿಆಂಪಿಯರ್‌ಗೂ ಕಡಿಮೆ ಇರುವ ಪ್ರವಾಹ, ನಮಗೆ ಗೊತ್ತೇ ಆಗುವುದಿಲ್ಲ. ಸ್ನಾಯುವಿನಲ್ಲಿ ನೀರು, ಲವಣ ಇರುವುದರಿಂದ ಅಲ್ಲಿ ಸರಾಗ ಹರಿಯುತ್ತದೆ, ಕೊಬ್ಬಿನಲ್ಲಿ ತಡೆ ಹೆಚ್ಚು. ಒಂದು ಪಾದದಿಂದ ಇನ್ನೊಂದು ಪಾದದವರೆಗಿನ ತಡೆ ಐನೂರು ಓಮ್ ಆಸುಪಾಸು ಬರುತ್ತದೆ. ಮಷಿನ್ ಅಳೆದದ್ದು ಇಷ್ಟೇ: ಒಂದು ತೂಕ, ಒಂದು ತಡೆ. ಉಳಿದ ಹತ್ತು ಅಂಕಿಗಳೂ ಸೂತ್ರದಿಂದ ಹುಟ್ಟಿದವು. ಫೋನಿನಲ್ಲಿ ನಾವು ತುಂಬಿದ ಎತ್ತರ, ವಯಸ್ಸು, ಗಂಡೋ ಹೆಣ್ಣೋ, ಇವನ್ನೆಲ್ಲ ಸೇರಿಸಿ ಮೈಯಲ್ಲಿ ನೀರು ಇಷ್ಟಿರಬೇಕು ಎಂದು ಅಂದಾಜು ಮಾಡುತ್ತದೆ. ಕೊಬ್ಬು ಬಿಟ್ಟ ಮೈಯಲ್ಲಿ ನೂರಕ್ಕೆ 73 ಪಾಲು ನೀರು ಎಂಬ ನಂಬಿಕೆಯ ಮೇಲೆ ಆ ನೀರಿನಿಂದ ಸ್ನಾಯು, ಮೂಳೆಗಳ ಒಟ್ಟು ಮೊತ್ತ ತೆಗೆಯುತ್ತದೆ. ತೂಕದಿಂದ ಅದನ್ನು ಕಳೆದು ಉಳಿದದ್ದಕ್ಕೆ ಕೊಬ್ಬು ಎಂದು ಹೆಸರಿಡುತ್ತದೆ. ಮೂಳೆಯನ್ನಂತೂ ಅದು ಅಳೆದೇ ಇಲ್ಲ. ನಾನು ಒಮ್ಮೆ ಫೋನಿನಲ್ಲಿ ನನ್ನ ವಯಸ್ಸನ್ನು ಮೂವತ್ತು ವರ್ಷ ಕಡಿಮೆ ಬರೆದು ಮತ್ತೆ ನಿಂತೆ. ಮೈ ಅದೇ, ಹೊತ್ತು ಅದೇ, ಕೊಬ್ಬಿನ ಅಂಕಿ ಬೇರೆ ಬಂತು.

ಈಗ ತಂಗಿಗೆ ಆ ಅಂಕಿ ಮೊದಲ ಸಲ ಕಂಡ ಏಪ್ರಿಲ್ ಬೆಳಗಿಗೆ ಬರೋಣ. ಸೆಕೆಯ ರಾತ್ರಿ, ಬೆವರಿ ಮಲಗಿದ್ದಳು, ನೀರು ಕುಡಿದದ್ದು ಕಡಿಮೆ. ಮೈಯಿಂದ ಏಳ್ನೂರು ಗ್ರಾಂ ನೀರು ಹೋಯಿತು ಎಂದಿಟ್ಟುಕೊಳ್ಳಿ. ನೀರು ಕಡಿಮೆಯಾದರೆ ತಡೆ ಏರುತ್ತದೆ. ಏಳ್ನೂರು ಗ್ರಾಂ ನೀರು ಹೋಗಿದೆ ಎಂದು ಮಷಿನ್ ಸರಿಯಾಗಿಯೇ ಕಂಡುಕೊಂಡಿತು ಎನ್ನೋಣ. ಅದಕ್ಕೆ ಗೊತ್ತಿರುವ ಸೂತ್ರದ ಪ್ರಕಾರ ನೀರು ಒಂಟಿಯಾಗಿ ಹೋಗುವುದಿಲ್ಲ, 73 ಪಾಲು ನೀರಿನ ಜೊತೆ 27 ಪಾಲು ಗಟ್ಟಿ ಸ್ನಾಯುವೂ ಹೋಗಿರಬೇಕು. 700ನ್ನು 0.73ರಿಂದ ಭಾಗಿಸಿದರೆ 960 ಗ್ರಾಂ. ಆದರೆ ತೂಕ ಇಳಿದದ್ದು 700 ಮಾತ್ರ. ಮಿಕ್ಕ 260 ಗ್ರಾಂ ಲೆಕ್ಕ ಕೂಡಿಸಲು ಅದನ್ನು ಕೊಬ್ಬಿನ ಖಾತೆಗೆ ಏರಿಸಿತು. ಅವಳ ತೂಕ 68 ಕಿಲೋದಿಂದ 67.3ಕ್ಕೆ ಇಳಿದಿತ್ತು. ನೂರಕ್ಕೆ 38 ಇದ್ದ ಕೊಬ್ಬು ಈ ಲೆಕ್ಕದಲ್ಲಿ 38.8 ಆಗುತ್ತದೆ. ಅವಳು ಫೋನಿನಲ್ಲಿ ನಡುಗುತ್ತಾ ಹೇಳಿದ ಅಂಕಿ ಅದೇ. ಎರಡು ಚೊಂಬು ನೀರು ಕುಡಿದಿದ್ದರೆ ಮುಗಿಯುತ್ತಿದ್ದ ವಿಷಯಕ್ಕೆ ಮೂರು ರಾತ್ರಿ ಉಪವಾಸ ಮಲಗಿದ್ದಳು.

ಇನ್ನೂ ತೊಡಕುಗಳಿವೆ. ಪಾದದಿಂದ ಪಾದಕ್ಕೆ ಹೋಗುವ ವಿದ್ಯುತ್ ಕಾಲು ಏರಿ, ಸೊಂಟದ ಕೆಳಭಾಗ ದಾಟಿ, ಇನ್ನೊಂದು ಕಾಲಿನಲ್ಲಿ ಇಳಿದುಬಿಡುತ್ತದೆ. ನಮ್ಮ ಚಿಂತೆ ಇರುವುದು ಹೊಟ್ಟೆಯ ಕೊಬ್ಬಿನ ಬಗ್ಗೆ. ಆ ದಾರಿಗೆ ಹೊಟ್ಟೆಯ ಬಹುಪಾಲು ಸಿಗುವುದೇ ಇಲ್ಲ. ಹೀಗಿದ್ದೂ ಕೆಲವು ಮಷಿನ್‌ಗಳು ಕರುಳಿನ ಸುತ್ತಲ ಕೊಬ್ಬಿಗೂ ಒಂದು ಅಂಕಿ ಕೊಡುತ್ತವೆ. ಗದ್ದೆ, ಹೊಲದಲ್ಲಿ ಬರಿಗಾಲಲ್ಲಿ ದುಡಿದು ಹಿಮ್ಮಡಿ ಒಡೆದವರ ಪಾದದ ಒಣ ಚರ್ಮ ಲೋಹಕ್ಕೆ ಸರಿಯಾಗಿ ತಾಗುವುದಿಲ್ಲ, ಅಳತೆ ಇನ್ನಷ್ಟು ಹೊಯ್ದಾಡುತ್ತದೆ. ಒಂದೇ ಮನೆಯಲ್ಲಿ ಅಮ್ಮ, ಮಗಳ ತೂಕ ಹತ್ತಿರ ಹತ್ತಿರ ಇದ್ದರೆ ಮಷಿನ್ ಒಬ್ಬರನ್ನು ಇನ್ನೊಬ್ಬರೆಂದು ತಿಳಿದು ಅವರ ವಯಸ್ಸಿನ ಸೂತ್ರ ಹಾಕುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ವಿದ್ಯುತ್ ಹಾಯಿಸುವ ಮಷಿನ್ ಮೇಲೆ ನಿಲ್ಲಲೇಬಾರದು. ಇದನ್ನು ದಯವಿಟ್ಟು ಮನೆಗೆ ಹೋಗಿ ಹೇಳಿ.

ಪ್ಯಾರಿಸ್ಸಿನ ವೈದ್ಯರು 53 ಜನರನ್ನು ಮೂರು ಬಗೆಯ ಸ್ಮಾರ್ಟ್ ಮಷಿನ್ ಮೇಲೆ ನಿಲ್ಲಿಸಿ, ಅದೇ ಜನರನ್ನು ಆಸ್ಪತ್ರೆಯ ಡೆಕ್ಸಾ ಎಂಬ ಎಕ್ಸ್‌ರೇ ಯಂತ್ರದಲ್ಲೂ ಅಳೆದು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತೂಕದಲ್ಲಿ ಮೂರೂ ಮಷಿನ್ ಚೆನ್ನಾಗಿ ಹೊಂದಿಕೊಂಡವು, ನಡುವಿನ ವ್ಯತ್ಯಾಸ ಮುನ್ನೂರು ಗ್ರಾಂ ಮೀರಲಿಲ್ಲ. ಕೊಬ್ಬಿನ ಮೊತ್ತವನ್ನು ಮಾತ್ರ ಮೂರೂ ಕಡಿಮೆ ಹೇಳಿದವು, ಮಷಿನ್‌ಗೆ ತಕ್ಕಂತೆ ಎರಡು ಕಿಲೋದಿಂದ ನಾಲ್ಕು ಕಿಲೋವರೆಗೂ ವ್ಯತ್ಯಾಸವಿತ್ತು. ತಿಂಗಳುಗಟ್ಟಲೆ ಶ್ರಮದಲ್ಲಿ ಒಬ್ಬರು ಕರಗಿಸುವಷ್ಟು ಕೊಬ್ಬನ್ನು ಮಷಿನ್ ತಪ್ಪಾಗಿ ಎಣಿಸುವುದಾದರೆ ಅದರ ವಾರದ ವರದಿಯನ್ನು ನಂಬಿ ಊಟ ಬಿಡುವುದು ಹೇಗೆ?

ಆ ಸೂತ್ರಗಳು ಯಾರ ಮೈಯಿಂದ ಹುಟ್ಟಿದವು ಎನ್ನುವುದೂ ಮುಖ್ಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಹಾಕಿ ಒಂದು ಪುಟ್ಟ ಬರಹ ಬರೆದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ನಾವು ಬಿಎಂಐ ಎನ್ನುತ್ತೇವಲ್ಲ, ಇಬ್ಬರಿಗೂ 22.3. ಡೆಕ್ಸಾದಲ್ಲಿ ನೋಡಿದರೆ ಯುಡ್ಕಿನ್‌ರಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್‌ರಲ್ಲಿ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ನಮ್ಮ ದೇಶದವರ ಮೈಯ ಗುಣವೇ ಇದು. ಅದಕ್ಕೇ ಬಿಎಂಐ 23 ದಾಟಿದರೆ ನಾವು ಎಚ್ಚರವಾಗಬೇಕು ಎನ್ನುವುದು. ಯಾರ ಮೈ ಅಳೆದು ಸೂತ್ರ ಕಟ್ಟಿದರು ಎಂದು ಮಷಿನ್ನಿನ ಡಬ್ಬದ ಮೇಲೆ ಬರೆದಿರುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಭಾರ ಜಲಜನಕ ಬೆರೆತ ನೀರು ಕುಡಿಸಿ, ಅದು ಮೈಯಲ್ಲಿ ಎಷ್ಟು ತೆಳುವಾಯಿತು ಎಂದು ನೋಡಿ ಭಾರತೀಯರ ಮೈಯ ನೀರನ್ನು ನಿಜಕ್ಕೂ ಅಳೆಯುವ ಕೆಲಸ ಮಾಡುತ್ತಾ ಬಂದಿದ್ದಾರೆ. ಡೇರಿಯ ಮಾತಿನಲ್ಲಿ ಹೇಳುವುದಾದರೆ ಅದು ಗರ್ಬರ್ ಪರೀಕ್ಷೆ. ನಮ್ಮ ಹಜಾರದ ಮಷಿನ್ ಬರೀ ಲ್ಯಾಕ್ಟೋಮೀಟರ್.

ಹೊಟ್ಟೆಯ ಕೊಬ್ಬಿಗೆ ಬೇಕಾದ ಸಾಧನ ದರ್ಜಿಯ ಟೇಪು. ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಹೊತ್ತಲ್ಲಿ ಸುತ್ತಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೇಶವ್ಯಾಪಿ ಅಧ್ಯಯನ ನಮ್ಮಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಅದೇ ಅಧ್ಯಯನದಲ್ಲಿ ಹೊಟ್ಟೆಯ ಬೊಜ್ಜು ಇದ್ದವರು ನೂರಕ್ಕೆ 39.5. ಸ್ನಾಯು ಕರಗುತ್ತಿದೆಯೇ ಎಂಬ ಅಂಜಿಕೆ ಇರುವವರು, ಅದರಲ್ಲೂ 2025ರಿಂದ ನಮ್ಮ ಔಷಧಿ ಅಂಗಡಿಗಳಿಗೂ ಬಂದಿರುವ ತೂಕ ಇಳಿಸುವ ಹೊಸ ಚುಚ್ಚುಮದ್ದು ತೆಗೆದುಕೊಳ್ಳುವವರು ಮತ್ತು ವಯಸ್ಸಾದವರು, ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂತು ನೋಡಲಿ. ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಡಾಕ್ಟರಿಗೆ ಹೇಳಲಿ. ಮಷಿನ್ನಿನ ಸ್ನಾಯುವಿನ ಅಂಕಿಗಿಂತ ತೊಡೆಯ ಶಕ್ತಿಯನ್ನು ನೇರವಾಗಿ ಕೇಳುವುದು ನನಗೆ ಸರಿ ಕಾಣುತ್ತದೆ.

ಮಷಿನ್ನಿನ ಮೇಲೆ ನನಗೆ ದ್ವೇಷವಿಲ್ಲ. ಕೆಲವು ಮನೆಗಳಲ್ಲಿ ಅದು ಜೀವ ಉಳಿಸುತ್ತದೆ. ಹೃದಯ ದುರ್ಬಲವಾದವರಿಗೆ ಮೈಯಲ್ಲಿ ನೀರು ತುಂಬಿಕೊಳ್ಳುವುದು ಉಸಿರು ಕಟ್ಟುವುದಕ್ಕೂ ಮೊದಲೇ ತೂಕದಲ್ಲಿ ಕಾಣಿಸಬಹುದು. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಕಾಯದೆ ಡಾಕ್ಟರಿಗೆ ತಿಳಿಸಬೇಕು. ಅಲ್ಲಿ ನೀರಿನ ಸುದ್ದಿಯೇ ಬೇಕಾದ ಸುದ್ದಿ, ಸಾದಾ ತೂಕವೇ ಸಾಕು. ಕಾರಣವಿಲ್ಲದೆ ತಿಂಗಳಿಂದ ತಿಂಗಳಿಗೆ ತೂಕ ಇಳಿಯುವ ಹಿರಿಯರಲ್ಲೂ ಅಷ್ಟೇ, ಸಂತೋಷಪಡದೆ ಪರೀಕ್ಷೆ ಮಾಡಿಸಿ.

ತೂಕ ಬರೆದಿಡುವುದರ ಬೆಲೆ ಏನೆಂದು ಮೈಸೂರು ಜಗತ್ತಿಗೆ ತೋರಿಸಿದೆ. ಅಲ್ಲಿನ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ಶಿಶುಗಳನ್ನು, ಆಗ ಮಧ್ಯವಯಸ್ಸಿನಲ್ಲಿದ್ದವರನ್ನು, ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದರು. ಆ ಆಸ್ಪತ್ರೆಯ ದಾದಿಯರ ಬಳಿ ಫೋನಿರಲಿಲ್ಲ, ಹನ್ನೆರಡು ಅಂಕಿ ಇರಲಿಲ್ಲ. ಒಂದು ತಕ್ಕಡಿ, ಒಂದು ಪುಸ್ತಕ, ದಿನಾ ಒಂದೇ ಕ್ರಮ. 1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಅಂಗನವಾಡಿಗಳು ತಿ. ನರಸೀಪುರದಲ್ಲಿ ಶುರುವಾದಾಗಿನಿಂದ ನಮ್ಮ ಅಂಗನವಾಡಿ ಕಾರ್ಯಕರ್ತೆಯರೂ ಅದನ್ನೇ ಮಾಡುತ್ತಿದ್ದಾರೆ. ತೊಟ್ಟಿಲ ಚೀಲದಲ್ಲಿ ಮಗು ತೂಗಿ, ಚಾರ್ಟಿನ ಮೇಲೆ ಒಂದು ಚುಕ್ಕೆ ಇಟ್ಟು, ತಿಂಗಳ ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದು, ಗೆರೆ ಮೇಲಕ್ಕೆ ಹೋಗುತ್ತಿದೆಯೇ ಎಂದು ನೋಡುವುದು. ಒಂದು ಚುಕ್ಕೆ ನೋಡಿ ತಾಯಿಯನ್ನು ಅವರು ಬೈಯುವುದಿಲ್ಲ.

ತಂಗಿಗೆ ಆ ಚಾರ್ಟನ್ನೇ ನೆನಪಿಸಿದೆ. ಈಗ ಅವಳು ಕೊಬ್ಬಿನ ಪುಟ ಫೋನಿನಲ್ಲಿ ಕಾಣದಂತೆ ಮಗನಿಂದ ಮಾಡಿಸಿದ್ದಾಳೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನದ ಚೌಕದೊಳಗೆ ತೂಕ ಬರೆಯುತ್ತಾಳೆ, ಭಾನುವಾರ ಮೊಮ್ಮಗಳು ಏಳರಿಂದ ಭಾಗಿಸಿ ಕೆಂಪು ಶಾಯಿಯಲ್ಲಿ ಸರಾಸರಿ ಬರೆಯುತ್ತಾಳೆ. ಟೇಪು ಸಿಗದ ದಿನ ಹೂ ಕಟ್ಟುವ ದಾರ ಸೊಂಟಕ್ಕೆ ಸುತ್ತಿ ಗಂಟು ಹಾಕಿದ್ದಳು, ಅದೇ ದಾರ ಈಗಲೂ ಮೊಳೆಗೆ ನೇತಾಡುತ್ತಿದೆ. ಮೊದಲ ಗಂಟಿನಿಂದ ಎರಡು ಬೆರಳು ಒಳಗೆ ಈಗ ಇನ್ನೊಂದು ಗಂಟು ಬಿದ್ದಿದೆ. ರಾತ್ರಿ ಒಂದು ಮುದ್ದೆ, ಸೊಪ್ಪಿನ ಬಸ್ಸಾರು ಉಂಡು ಮಲಗುತ್ತಾಳೆ.

ಹೊರಗೆ ಪಡಸಾಲೆಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟಿದ್ದೇನೆ, ಇವತ್ತು ಬೆಳಿಗ್ಗೆ ಮುದ್ರೆಯ ತಕ್ಕಡಿಯಲ್ಲಿ ತೂಗಿಸಿ ತಂದದ್ದು. ಮನೆಯಿಂದ ಮಷಿನ್ ತನ್ನಿ ಎಂದು ಕರೆಯೋಲೆಯಲ್ಲಿ ಬರೆದಿತ್ತಲ್ಲ, ತಂದವರು ಪರೀಕ್ಷೆ ಮಾಡಿಕೊಂಡೇ ಹೋಗಿ. ಬೆನ್ನು ನೋವಿರುವವರು ಮೂಟೆ ಎತ್ತಬೇಡಿ, ನಾನು ಎತ್ತಿಕೊಡುತ್ತೇನೆ.